ಬಿದ್ದವನ ಪುಟದಲ್ಲಿ ಪುಸ್ತಕ ಮುಚ್ಚಬಾರದು

ಪುಸ್ತಕ ತೆಗೆದುಕೊಡುವ ಕೆಲಸದಲ್ಲಿ ಹೆದರಿಕೊಳ್ಳುವಂಥದ್ದು ಏನಿದೆ ಎಂದು ನಮ್ಮ ಯಜಮಾನರು ಕೇಳುತ್ತಾರೆ. ಅವರಿಗೆ ಗೊತ್ತಿಲ್ಲ. ಔಷಧಿ ಅಂಗಡಿಯವನಿಗಾದರೂ ಡಾಕ್ಟರ ಚೀಟಿ ಇರುತ್ತದೆ. ನನಗೆ ಬಂದವರ ಮುಖವೇ ಚೀಟಿ, ಅದನ್ನು ಓದುವುದೋ ಡಾಕ್ಟರ ಕೈಬರಹ ಓದುವುದಕ್ಕಿಂತ ಕಷ್ಟ.

ಪಾಂಡವಪುರದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಒಂದು ಕಡೆ ಮಿಷನ್ನು, ಲ್ಯಾಮಿನೇಷನ್ನು, ಪೆನ್ನು ಪೆನ್ಸಿಲ್ಲು. ಇನ್ನೊಂದು ಕಡೆ ಗೋಡೆ ತುಂಬ ಸೂಪರ್‌ಹೀರೋ ಕಾಮಿಕ್ಸ್. ತೆಳು ಸಂಚಿಕೆಗಳಲ್ಲ, ಹತ್ತಾರು ಸಂಚಿಕೆ ಸೇರಿಸಿ ಗಟ್ಟಿ ರಟ್ಟು ಹಾಕಿದ ಸಂಪುಟಗಳು. ಚಿಕ್ಕಂದಿನ ಹುಚ್ಚು ನನಗೆ ಮದುವೆಯಾದ ಮೇಲೂ ಇಳಿಯಲಿಲ್ಲ, ಅಷ್ಟೆ. ಓದಿ ವಾಪಸು ತಂದುಕೊಡುವವರಿಗೆ ಕೊಡುತ್ತೇನೆ. ಜಾತಿ ಪ್ರಮಾಣಪತ್ರ ಜೆರಾಕ್ಸ್ ಮಾಡಿಸಲು ಬಂದವರು ಗೋಡೆ ನೋಡಿ, ‘ಇದರಲ್ಲಿ ಯಾವ್ದು ಚೆನ್ನಾಗದೆ?’ ಎಂದು ಕೇಳಿಬಿಟ್ಟರೆ ಸಾಕು, ನನ್ನ ಎದೆ ಡವಡವ ಶುರುವಾಗುತ್ತದೆ.

ಹೊಸಬರಾದರೆ ಪರವಾಗಿಲ್ಲ. ‘ಎಲ್ಲಿಂದ ಶುರು ಮಾಡ್ಲಿ?’ ಎಂದು ಕೇಳುತ್ತಾರೆ. ಒಂದೇ ಸಂಪುಟದಲ್ಲಿ ಹುಟ್ಟಿ, ಬೆಳೆದು, ಹೊಡೆದಾಡಿ ಮುಗಿಯುವ ಕಥೆಯನ್ನು ಅವರಿಗೆ ಕೊಡುತ್ತೇನೆ. ಯಾರ ತಾತ ಯಾರಿಗೆ ಶತ್ರು, ಯಾವ ಲೋಕದಿಂದ ಯಾರು ಬಂದರು ಎಂಬ ವಂಶಾವಳಿಯನ್ನೆಲ್ಲ ಮೊದಲ ದಿನವೇ ತಲೆ ಮೇಲೆ ಹೊರಿಸಿದರೆ ಆ ಕಡೆ ತಿರುಗಿಯೂ ನೋಡುವುದಿಲ್ಲ. ಕಷ್ಟದವರು ಮರಳಿ ಬರುವವರು. ಹುಡುಗಾಟದ ವಯಸ್ಸಿನಲ್ಲಿ ಓದಿ, ಆಮೇಲೆ ಸಂಸಾರ, ಗದ್ದೆ, ಹಾಲಿನ ಡೈರಿ ಎಂದು ಬಿಟ್ಟು, ತಲೆ ನರೆತ ಮೇಲೆ ಬರುತ್ತಾರೆ. ಅವರಿಗೆ ಬೇಕಿರುವುದು ಪುಸ್ತಕವಲ್ಲ, ಅದನ್ನು ಓದುತ್ತ ಕೂತಿದ್ದ ಅವತ್ತಿನ ಜಗಲಿ. ಹಳೆಯದನ್ನೇ ಕೊಟ್ಟರೆ ‘ಇಷ್ಟೇನಾ ಇದು’ ಅನ್ನುತ್ತಾರೆ, ಹೊಸದು ಕೊಟ್ಟರೆ ‘ನಮ್ಮ ಕಾಲದಂಗಿಲ್ಲ’ ಅನ್ನುತ್ತಾರೆ. ಅತ್ತ ದರಿ, ಇತ್ತ ಪುಲಿ.

ನಮ್ಮ ಸೋದರಮಾವ ಹಾಗೆ ಮರಳಿ ಬಂದ ಓದುಗರು. ಕಿರಂಗೂರಿನವರು, ಕಬ್ಬು ಭತ್ತ ಬೆಳೆಯುವವರು. ಹುಡುಗರಾಗಿದ್ದಾಗ ಕ್ಷೌರದಂಗಡಿಗೆ ಬರುತ್ತಿದ್ದ ವಾರಪತ್ರಿಕೆಯಲ್ಲಿ ಮುಖವಾಡದ ವೀರನ ಚಿತ್ರಕಥೆ ಅರ್ಧ ಪುಟ ಬರುತ್ತಿತ್ತಂತೆ. ಅದಕ್ಕಾಗಿ ಬೆಳೆಯದ ಕೂದಲನ್ನೂ ಕತ್ತರಿಸಿಕೊಳ್ಳಲು ಹೋಗುತ್ತಿದ್ದರಂತೆ. ಆಮೇಲೆ ಚಿತ್ರಕಥೆ ನಿಂತು ಪುರಾಣ ಹಿಡಿದರು. ಶ್ರಾವಣ ಬಂದರೆ ಜಗಲಿ ಮೇಲೆ ಕೂತು ಊರಿಗೆಲ್ಲ ಕೇಳುವಂತೆ ಓದುತ್ತಾರೆ.

ಈ ವರ್ಷ ಮೈಸೂರಿನ ಡಾಕ್ಟರು ಅವರ ಎದೆ ನೋಡಿ, ರಕ್ತನಾಳ ಕಟ್ಟಿಕೊಂಡಿದೆ, ಆಪರೇಷನ್ ಆಗಲೇಬೇಕು, ತಡ ಮಾಡಿದರೆ ಕೈಮೀರುತ್ತದೆ ಎಂದರು. ಮಾವ ಮನೆಗೆ ಬಂದು ಒಂದೊಂದೇ ನೆಪ ತೆಗೆದರು. ಕಬ್ಬಿಗೆ ನೀರಾಗಲಿ. ಗೊಬ್ಬರ ಹಾಕಿಬಿಡಲಿ. ಅಮಾವಾಸ್ಯೆ ಕಳೆಯಲಿ. ಅಂತೂ ಸೋಮವಾರ ಸೇರಿಕೊಳ್ಳುವುದು ಎಂದಾಯಿತು. ಅಲ್ಲಿಯವರೆಗೆ ಓಡಾಡಬಾರದು, ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿ ಕಳಿಸಿದರು.

ಅತ್ತೆ ಫೋನ್ ಮಾಡಿದರು. “ಏನಾರಾ ಓದಕ್ಕೆ ತಂದ್ಕೊಡಮ್ಮಿ. ಸುಮ್ನೆ ಕುಂತ್ರೆ ಕರೆಂಟ್ ಬತ್ತಿದ್ದಂಗೆ ಮೋಟ್ರತ್ರ ಓಡ್ತರೆ. ನಾ ಹಾಕ್ತೀನಿ ಅಂದ್ರೆ ಕೀ ಕೊಡಕಿಲ್ಲ.”

ಆ ಕೀಲಿಕೈ ವಿಷಯ ನಮ್ಮ ಮನೆತನಕ್ಕೆಲ್ಲ ಗೊತ್ತು. ಪಂಪ್‌ಮನೆಯ ಬೀಗದ ಕೈ ಯಾವಾಗಲೂ ಮಾವನ ಉಡುದಾರದಲ್ಲಿ. ಹೆಂಗಸರು ಕರೆಂಟು ಮುಟ್ಟಬಾರದು ಎಂಬುದು ಅವರ ಕಾನೂನು. ಅತ್ತೆ ಕಳೆ ಕೀಳಬಹುದು, ಕಬ್ಬಿನ ಸೋಗೆ ಬಿಡಿಸಬಹುದು, ಹಸು ಕರೆಯಬಹುದು. ಸ್ಟಾರ್ಟರಿನ ಹಸಿರು ಗುಂಡಿ ಮಾತ್ರ ಒತ್ತುವಂತಿಲ್ಲ. ಮಗಳನ್ನು ನಾಗಮಂಗಲದ ಕಡೆ ಕೊಟ್ಟಿದೆ, ಮನೆಯಲ್ಲಿ ಇವರಿಬ್ಬರೇ. ಹಾಗಾಗಿ ನಲವತ್ತು ವರ್ಷದಿಂದ ಆ ಮೋಟರು ಮಾವನ ಕೈ ಬಿಟ್ಟು ಬೇರೆ ಕೈ ಕಂಡಿಲ್ಲ.

ನಾನು ಗೋಡೆ ಮುಂದೆ ನಿಂತು ಅರ್ಧ ಗಂಟೆ ಒದ್ದಾಡಿದೆ. ಎದೆ ಕೆಟ್ಟಿರುವ ಮನುಷ್ಯ. ತೀರ ರಕ್ತ ಹರಿಯುವುದು ಬೇಡ. ತೀರ ಮಕ್ಕಳದ್ದಾದರೆ ಸಿಟ್ಟು. ಕೊನೆಗೆ ಎರಡು ಸಂಪುಟದ ಒಂದು ಕಥೆ ಆರಿಸಿದೆ. ಅದರ ನಾಯಕ ಹಗಲು ಸೇತುವೆ ರಿಪೇರಿ ಮಾಡುವ ಕೂಲಿ. ನೀಲಿ ಅಂಗಿ ತೊಟ್ಟರೆ ಅವನ ಅಂಗೈಗೆ ಒಂದು ಶಕ್ತಿ ಬರುತ್ತದೆ: ಬೀಳುತ್ತಿರುವುದು ಏನೇ ಇರಲಿ, ಗೋಡೆಯಾಗಲಿ ರೈಲಾಗಲಿ, ತಡೆದು ನಿಲ್ಲಿಸುತ್ತಾನೆ. ಮೊದಲ ಸಂಪುಟ ನಾನು ಓದಿದ್ದೆ. ಅದರ ಕೊನೆಯಲ್ಲಿ ಅವನು ಕುಸಿದ ಸೇತುವೆಯಡಿ ಸಿಲುಕಿ ಬೀಳುತ್ತಾನೆ ಎಂದೂ ಗೊತ್ತಿತ್ತು. ಎರಡನೆಯದು ಆಗಷ್ಟೇ ಬಂದಿತ್ತು, ತೆರೆದಿರಲಿಲ್ಲ. ತೆರೆಯುವ ಅಗತ್ಯವೂ ಕಾಣಲಿಲ್ಲ. ಈ ಕಥೆಗಳಲ್ಲಿ ಸತ್ತವರು ಸತ್ತೇ ಇರುವುದು ಎಲ್ಲಿದೆ? ಎದ್ದು ಬರುತ್ತಾರೆ. ನನ್ನ ಅನುಭವವೆಲ್ಲ ಅದನ್ನೇ ಹೇಳುತ್ತಿತ್ತು. ಎರಡೂ ಒಟ್ಟಿಗೆ ಕಟ್ಟಿ ಕಿರಂಗೂರಿಗೆ ಒಯ್ದು ಕೊಟ್ಟು ಬಂದೆ.

ವಾರ ಕಳೆಯುವುದರೊಳಗೆ, ಶುಕ್ರವಾರ, ಅತ್ತೆಯ ಫೋನು. “ಆಸ್ಪತ್ರೆಗೆ ಓಗಕಿಲ್ಲ ಅಂತ ಕುಂತವ್ರೆ ಕಣಮ್ಮಿ. ನೀ ಕೊಟ್ಟ ಪುಸ್ತಕ್ದಿಂದ್ಲೇ ಆಗಿರದು. ಬಂದು ನೋಡು.”

ಅಂಗಡಿ ಬಾಗಿಲೆಳೆದು ಓಡಿದೆ. ಮಾವ ಜಗಲಿ ಮೇಲಿದ್ದರು. ಮುಂದೆ ವ್ಯಾಸಪೀಠ, ಅದರ ಮೇಲೆ ಪುರಾಣದ ಜಾಗದಲ್ಲಿ ನನ್ನ ಕಾಮಿಕ್ಸು, ಕೊನೆಯ ಪುಟಕ್ಕೆ ತೆರೆದುಕೊಂಡು. ಚಿತ್ರದಲ್ಲಿ ನೀಲಿ ಅಂಗಿಯವನು ಕಲ್ಲುಗಳ ನಡುವೆ ಬಿದ್ದಿದ್ದಾನೆ. ಡಾಕ್ಟರೊಬ್ಬಳು ಅವನ ಕೈ ಹಿಡಿದು ನಾಡಿ ನೋಡುತ್ತಿದ್ದಾಳೆ. ಅವಳ ಮುಖ ಅತ್ತ ತಿರುಗಿದೆ.

“ಓದದು ಇಲ್ಗೆ ನಿಂತೋಗದೆ,” ಅಂದರು ಮಾವ. “ಎಲ್ಡನೇದು ಎಲ್ಲಿ?”

ಆಗ ನನಗೆ ಅರ್ಥವಾಯಿತು. ಮಾವ ಪುರಾಣ ಓದುವುದಕ್ಕೆ ಒಂದು ನೇಮವಿದೆ, ನಮ್ಮ ಕಡೆ ಹಳಬರೆಲ್ಲ ಪಾಲಿಸುವುದೇ. ರಣರಂಗದಲ್ಲಿ ಯಾರಾದರೂ ಬಿದ್ದ ಜಾಗದಲ್ಲಿ ಅವತ್ತಿನ ಓದು ನಿಲ್ಲಿಸಬಾರದು. ಎಷ್ಟೇ ಹೊತ್ತಾಗಲಿ, ಗಂಟಲು ಕಟ್ಟಲಿ, ಮುಂದೆ ಎಲ್ಲಾದರೂ ಒಂದು ಹುಟ್ಟೋ ಮದುವೆಯೋ ಪಟ್ಟವೋ ಬರುವವರೆಗೆ ಓದಿಯೇ ಪುಸ್ತಕ ಮುಚ್ಚಬೇಕು. ಬಿದ್ದವನನ್ನು ಬಿದ್ದಲ್ಲೇ ಬಿಟ್ಟು ಎದ್ದರೆ ಮನೆಗೆ ಒಳ್ಳೆಯದಲ್ಲ. ಕಾಮಿಕ್ಸ್ ಸಂಪುಟಗಳೋ, ಬಿದ್ದಲ್ಲೇ ಮುಗಿಯುವುದೇ ಅವುಗಳ ಕಸುಬು. ಮುಂದಿನದು ಕೊಳ್ಳಲಿ ಎಂದು ಹಾಗೆ ಮಾಡುತ್ತಾರೆ. ಇಷ್ಟು ವರ್ಷ ಸಲಹೆ ಕೊಟ್ಟಿದ್ದೇನೆ, ಈ ನೇಮವೂ ಆ ಕಸುಬೂ ಒಂದೇ ಜಗಲಿ ಮೇಲೆ ಎದುರುಬದುರಾಗಬಹುದು ಎಂದು ನನಗೆ ಹೊಳೆದಿರಲೇ ಇಲ್ಲ.

“ಎರಡನೆಯದೂ ಕೊಟ್ಟಿದ್ದೆನಲ್ಲ ಮಾವ?”

ಮಾವ ಅತ್ತೆಯ ಕಡೆ ನೋಡಿದರು. ಅತ್ತೆ ಸೆರಗು ಸರಿಮಾಡಿಕೊಂಡರು. “ಬೀಗಿತ್ತಿ ಬಂದಿದ್ರು. ಪುಸ್ತಕ ಮನೇಲಿ ಸುಮ್ನೆ ಮನಗಬಾರ್ದು ಅಂತ, ಎಲೆ ಅಡ್ಕೆ ಇಟ್ಟು ಕೊಟ್ಬುಟ್ಟೆ. ಪುರಾಣದ ಪುಸ್ತಕನೂ ಅಂಗೇ ತಾನೆ ಕೊಡದು? ಇವ್ರು ಒಂದ್ನೇದೇ ಮುಗಿಸಿರ್ಲಿಲ್ಲ, ನಂಗೇನ್ ಗೊತ್ತು?”

ಅವರದೂ ತಪ್ಪಲ್ಲ. ಓದಿದ ಮನೆಯಿಂದ ಓದದ ಮನೆಗೆ ಪುಸ್ತಕ ತಾಂಬೂಲದ ಜೊತೆ ಹೋಗಬೇಕು ಎಂಬುದೂ ಅಲ್ಲಿಯ ಪದ್ಧತಿಯೇ. ಆದರೆ ಮಾವ ಗಟ್ಟಿಯಾಗಿ ಕೂತಿದ್ದರು. “ನಾನೇನ್ ಎದ್ರಕಂಡಿಲ್ಲ ಕಣಮ್ಮಿ. ಇದುನ್ನ ಇಂಗೆ ಬುಟ್ಟು ಎದೆ ಕುಯ್ಸಕಳಕ್ಕೆ ಓಗಕಾಯ್ತದಾ? ನೀನೇ ಯೋಳು.”

ಹೆದರಿಕೊಂಡಿಲ್ಲ ಎಂದು ಹೇಳುವಾಗ ಅವರ ಕೈ ಉಡುದಾರದ ಕೀಲಿಕೈಯನ್ನು ತಡಕುತ್ತಿತ್ತು. ನಾಗಮಂಗಲದಲ್ಲಿರುವ ಅವರ ಮಗಳಿಗೆ ಫೋನ್ ಮಾಡಿದೆ. ಪುಟಗಳ ಫೋಟೋ ತೆಗೆದು ಕಳಿಸುತ್ತೇನೆ ಅಂದಳು. ಫೋನಿನಲ್ಲಿ ಓದುವುದು ಓದಲ್ಲ ಎಂದು ಮಾವ ತಲೆ ಆಡಿಸಿದರು. ಅಷ್ಟರಲ್ಲಿ ಅವಳೇ ಮನೆಯೆಲ್ಲ ಹುಡುಕಿ, ಪುಸ್ತಕ ಇಲ್ಲಿಲ್ಲ, ನಮ್ಮವರು ಬೆಳ್ಳೂರು ಕ್ರಾಸಿನ ತಮ್ಮ ಹೋಟೆಲಿಗೆ ತೆಗೆದುಕೊಂಡು ಹೋಗಿದ್ದಾರೆ ಅಂದಳು. ಗಿರಾಕಿಗಳು ಕಾಫಿ ಬರುವವರೆಗೆ ನೋಡಲಿ ಎಂದು ಗಲ್ಲಾ ಮೇಲೆ ಇಟ್ಟಿದ್ದಾರಂತೆ. ನನ್ನ ಸಂಪುಟಕ್ಕೆ ಸಾಂಬಾರು ಬಿದ್ದಿರುತ್ತದೆ ಎಂಬ ಯೋಚನೆ ಬಂತು, ಆ ಹೊತ್ತಿನಲ್ಲೂ ಅಂಥ ಯೋಚನೆ ಬಂದದ್ದಕ್ಕೆ ನಾಚಿಕೆಯೂ ಆಯಿತು.

ಶನಿವಾರ ಬೆಳಗ್ಗೆ ಬಸ್ಸು ಹಿಡಿದೆ. ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ಸೀಟು ಸಿಗುವುದು ಪುಣ್ಯ ಮಾಡಿದವರಿಗೆ. ನಾಗಮಂಗಲದವರೆಗೂ ನಿಂತೇ ಹೋದೆ, ಅಲ್ಲಿಂದ ಬೆಳ್ಳೂರು ಕ್ರಾಸಿಗೂ ನಿಂತೆ. ದಾರಿಯುದ್ದಕ್ಕೂ ಒಂದೇ ಲೆಕ್ಕ: ಪುಸ್ತಕ ಸಿಗದಿದ್ದರೆ ಮಾವ ಹೋಗುವುದಿಲ್ಲ, ಹೋಗದಿದ್ದರೆ ಏನಾಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ, ಹಾಗಾದರೆ ಅದು ನಾನು ಕೊಟ್ಟ ಪುಸ್ತಕದಿಂದ. ಹೋಟೆಲಿನ ಗಲ್ಲಾ ಮೇಲೆ ಪುಸ್ತಕ ಇರಲಿಲ್ಲ. ಮಾವನ ಅಳಿಯ ನನ್ನ ಮುಖ ನೋಡಿ, ಮೊದಲು ಕಾಫಿ ತರಿಸಿ, ಆಮೇಲೆ ಹೇಳಿದರು: ಕೃಷ್ಣರಾಜಪೇಟೆಯಲ್ಲಿ ಟೈಲರ್ ಅಂಗಡಿ ಇಟ್ಟಿರುವ ಒಬ್ಬ ಹೆಂಗಸು, ಬೆಂಗಳೂರಿನಿಂದ ಬಟ್ಟೆ ತರುವಾಗ ಇಲ್ಲೇ ತಿಂಡಿ ತಿನ್ನುವವರು, ಓದಿ ಕೊಡುತ್ತೇನೆ ಎಂದು ಒಯ್ದಿದ್ದಾರೆ. ಬಿಸಿ ಕಾಫಿ ಒಂದೇ ಗುಟುಕಿಗೆ ಕುಡಿದು ನಾಲಗೆ ಸುಟ್ಟುಕೊಂಡು ಕೆ.ಆರ್. ಪೇಟೆ ಬಸ್ಸಿಗೆ ಓಡಿದೆ.

ಟೈಲರ್ ಅಂಗಡಿ ಬಸ್ ಸ್ಟ್ಯಾಂಡಿನ ಹಿಂದೆಯೇ ಇತ್ತು. ಮೂವತ್ತರ ಆಸುಪಾಸಿನ ಹೆಂಗಸು, ಹೊಲಿಗೆ ಮಿಷನ್ನಿನ ಮೇಲೆ ಬ್ಲೌಸು, ಪಕ್ಕದ ಸ್ಟೂಲಿನ ಮೇಲೆ ಎರಡನೆಯ ಸಂಪುಟ, ಪುಟ ತಪ್ಪದಂತೆ ಅದರೊಳಗೆ ಅಳತೆಯ ಟೇಪು. ಸಾಂಬಾರೇನೂ ಬಿದ್ದಿರಲಿಲ್ಲ. ವಿಷಯ ಹೇಳಿದೆ. ಆಕೆ ಪುಸ್ತಕದ ಮೇಲೆ ಕೈ ಇಟ್ಟುಕೊಂಡರು.

“ಅಯ್ಯೋ ಅಕ್ಕ, ಇನ್ನ ಅರ್ಧ ಅದೆ. ಇಂಥ ಪುಸ್ತಕ ನಾನು ಇದೇ ಮೊದ್ಲು ಓದ್ತಿರದು. ಅವ್ಳು ಎಂಥ ಗಟ್ಟಿಗಿತ್ತಿ!”

“ಅವಳು ಯಾರು?” ಅಂದೆ.

“ನೀಲಿ ಅಂಗಿಯವ್ಳು. ನಿಮ್ದೇ ಪುಸ್ತಕ, ನಿಮ್ಗೇ ಗೊತ್ತಿಲ್ವಾ?” ಎಂದು ಆಕೆ ಮೊದಲ ಪುಟ ತೆರೆದು ತೋರಿಸಿದರು. “ನೋಡಿ, ತೋಳು ಉದ್ದ ಆಗದೆ ಅಂತ ಮಡಿಸ್ಕಂಡವ್ಳೆ. ಅಳ್ತೆ ಅವ್ಳದಲ್ಲ ಅಂತ ಎಷ್ಟು ಚೆನ್ನಾಗಿ ಬರ್ದವ್ರೆ!”

ನಾನು ಪುಸ್ತಕ ಎಳೆದುಕೊಂಡೆ. ಮೊದಲ ಪುಟದಲ್ಲೇ ಮಣ್ಣಿನ ದಿಬ್ಬ, ಅದರ ಮೇಲೆ ಹೂವು. ಮುಂದಿನ ಚಿತ್ರದಲ್ಲಿ ಅವನ ತಂಗಿ, ಅಣ್ಣನ ಅಂಗಿ ತೊಟ್ಟು ನಿಂತಿದ್ದಾಳೆ. ಪುಟ ಹಾರಿಸಿ ಹಾರಿಸಿ ನೋಡಿದೆ. ಕನಸು, ಭ್ರಮೆ, ಅವಳಿ ಸೋದರ, ಹಾಗೆ ಬದುಕಿಸುವ ಯಾವ ಉಪಾಯವೂ ಇಲ್ಲ. ಅವನು ಸತ್ತಿದ್ದ, ಸತ್ತೇ ಇದ್ದ. ಟೈಲರ್ ಹೆಂಗಸಿಗೆ ಅದೇನೂ ಅನ್ನಿಸಿರಲಿಲ್ಲ. ಎರಡನೆಯದರಿಂದ ಶುರುಮಾಡಿದವರು ಅವರು. ಅವರ ಮಟ್ಟಿಗೆ ಕಥೆ ಹುಟ್ಟಿದ್ದೇ ಆ ಹೆಣ್ಣಿನಿಂದ. ವಾರದೊಳಗೆ ವಾಪಸು ತಂದುಕೊಡುತ್ತೇನೆ ಎಂದು ಆಣೆ ಮಾಡಿ ಪುಸ್ತಕ ಕಸಿದುಕೊಂಡು ಬಂದೆ.

ಮೈಸೂರು ಬಸ್ಸಿನಲ್ಲಿ ಕೂತೆ. ಈಗ ಸೀಟು ಸಿಕ್ಕಿತ್ತು, ನೆಮ್ಮದಿ ಇರಲಿಲ್ಲ. ಇದನ್ನು ಮಾವನ ಕೈಗೆ ಕೊಡುವುದು ಹೇಗೆ? ಎದೆಯ ಆಪರೇಷನ್ನಿಗೆ ಹೊರಟವರಿಗೆ, ನೀವು ಮೆಚ್ಚಿದವನು ಏಳಲಿಲ್ಲ ಎಂದು ಎರಡನೆಯ ಸಂಪುಟ ಹಿಡಿಸುವುದೇ? ಸಿಗಲಿಲ್ಲ ಅಂದುಬಿಡೋಣವೇ? ಆಗ ಅವರು ಮನೆ ಬಿಟ್ಟು ಏಳುವುದಿಲ್ಲ. ಕಥೆ ಬದಲಾಯಿಸಿ ಬಾಯಲ್ಲಿ ಹೇಳಿಬಿಡೋಣವೇ? ನಾನು ಸುಳ್ಳು ಹೇಳಿದರೆ ನನ್ನ ಕಿವಿ ಕೆಂಪಾಗುತ್ತದೆ, ಮಾವನಿಗೆ ಅದು ನಾನು ಲಂಗ ಹಾಕುತ್ತಿದ್ದಾಗಿನಿಂದ ಗೊತ್ತು. ಪಾಂಡವಪುರ ಹೋಯಿತು. ಕಿರಂಗೂರು ಬಂತು. ಕಂಡಕ್ಟರು ಎರಡು ಸಲ ಕೂಗಿದರು. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತುಬಿಟ್ಟೆ. ಬಸ್ಸು ಶ್ರೀರಂಗಪಟ್ಟಣಕ್ಕೆ ಹೋಗಿ ನಿಂತಿತು. ಅಲ್ಲಿ ಇಳಿದು, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಪುಸ್ತಕ ತೊಡೆ ಮೇಲಿಟ್ಟುಕೊಂಡು ಸುಮ್ಮನೆ ಕೂತೆ. ಅಳು ಬಂತು. ಒಂದು ಕಾಮಿಕ್ಸಿಗೆ ಅಳುತ್ತಿದ್ದಾಳೆ ಎಂದು ಯಾರಿಗೂ ತಿಳಿಯುವಂತಿರಲಿಲ್ಲ, ಪುಣ್ಯಕ್ಕೆ. ಆಮೇಲೆ ಎದ್ದು ಮುಖ ತೊಳೆದು ಆಟೋ ಹಿಡಿದು ಹಿಂದಕ್ಕೆ ಬಂದೆ.

ಮಾವ ಜಗಲಿಯಲ್ಲೇ ಇದ್ದರು. ಪುಸ್ತಕ ಅದೇ ಪುಟಕ್ಕೆ ತೆರೆದಿತ್ತು. ನಾನು ಚೀಲ ಎದೆಗವಚಿಕೊಂಡು ನಿಂತದ್ದು ನೋಡಿ ನೇರವಾಗಿ ಕೇಳಿದರು: “ಬದುಕವ್ನಾ, ಓದ್ನಾ?”

ನನ್ನ ಕಿವಿ ಉರಿಯತೊಡಗಿತು.

“ಓದ ಅನ್ನು,” ಅಂದು ಮಾವ ಕೈ ಚಾಚಿದರು. ಕೊಟ್ಟೆ. ಕನ್ನಡಕ ಒರೆಸಿಕೊಂಡು, ಪುರಾಣ ಓದುವ ದನಿಯಲ್ಲೇ ಶುರುಮಾಡಿದರು. ಮಣ್ಣಿನ ದಿಬ್ಬದ ಚಿತ್ರದ ಮೇಲೆ ಬೆರಳಿಟ್ಟು, ಅಲ್ಲಿನ ಮಾತನ್ನು ಎರಡು ಸಲ ಓದಿದರು. ಅತ್ತೆ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿದರು. ನಾನು ಮಾವನ ಎದೆ ಏರಿಳಿಯುವುದನ್ನೇ ನೋಡುತ್ತಿದ್ದೆ. ಆಮೇಲೆ ಅವರು ಮುಂದಿನ ಚಿತ್ರಕ್ಕೆ ಬಂದರು. ಹಣೆ ಗಂಟು ಹಾಕಿಕೊಂಡು ಪುಸ್ತಕವನ್ನು ಬೆಳಕಿಗೆ ಹಿಡಿದರು. ಇದ್ದಕ್ಕಿದ್ದಂತೆ ನಕ್ಕುಬಿಟ್ಟರು.

“ಲೇ, ಬಾ ಇಲ್ಲಿ ನೋಡು. ನಿನ್ನಂಗೇ ಅವ್ಳೆ.”

ಅತ್ತೆ ಬಂದು ಬಗ್ಗಿ ನೋಡಿದರು. ನಮ್ಮ ಕಡೆ ಗದ್ದೆಗಿಳಿಯುವ ಹೆಂಗಸರೆಲ್ಲ ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ತೋಳು ಮಡಿಸಿಕೊಳ್ಳುತ್ತಾರೆ. ಬಿಸಿಲಿಗೂ ಕಬ್ಬಿನ ಗರಿಗೂ ಅದೇ ಕಾಪು. ಅತ್ತೆ ಒಂದಿಷ್ಟೂ ಬೆರಗಾಗಲಿಲ್ಲ. “ಇದ್ರಾಗೇನದೆ? ನಾನು ದಿನಾ ಹಾಕ್ಕಂತೀನಿ. ಅವ್ಳಿಗೆ ಕೆಲ್ಸ ಕೊಟ್ಟವ್ರೆ, ಮಾಡ್ತಾವ್ಳೆ. ನಂಗೆ ಕೀನೇ ಕೊಡಕಿಲ್ಲ ನೀವು.”

ತಮಾಷೆಗೆ ಅಂದದ್ದಲ್ಲ ಅದು. ಮಾವನ ನಗು ಇಳಿಯಿತು. ಅವರು ತಂಗಿಯ ಚಿತ್ರವನ್ನು ಬಹಳ ಹೊತ್ತು ನೋಡಿದರು. ಆ ಪುಟದ ಕೊನೆಯಲ್ಲಿ ಅವಳು ಕುಸಿಯುತ್ತಿರುವ ಒಂದು ನೀರಿನ ಟ್ಯಾಂಕಿಗೆ ಮೊದಲ ಸಲ ಅಂಗೈ ಕೊಡುತ್ತಾಳೆ, ಟ್ಯಾಂಕು ನಿಲ್ಲುತ್ತದೆ.

“ಇಲ್ಲಿ ನಿಲ್ಸಬೌದು,” ಎಂದು ಮಾವ ಪುಸ್ತಕ ಮುಚ್ಚಿ ಕಣ್ಣಿಗೊತ್ತಿಕೊಂಡರು.

ಭಾನುವಾರ ಕರೆಂಟು ಬಂದಾಗ ಮಾವ ಅತ್ತೆಯನ್ನು ಕರೆದುಕೊಂಡು ನಿಧಾನಕ್ಕೆ ಪಂಪ್‌ಮನೆಗೆ ಹೋದರು, ಹಿಂದೆ ನಾನು, ಎಲ್ಲಿ ಬಿದ್ದುಬಿಡುತ್ತಾರೋ ಎಂದು. ಸ್ಟಾರ್ಟರಿನ ಮೂರು ಫೇಸಿನ ದೀಪವೂ ಉರಿಯಬೇಕು, ಒಂದು ಕಮ್ಮಿಯಾದರೂ ಮುಟ್ಟಬಾರದು, ಕೈ ಒದ್ದೆ ಇರಬಾರದು, ಚಪ್ಪಲಿ ಇಲ್ಲದೆ ಒಳಗೆ ಕಾಲಿಡಬಾರದು. ಒಂದನ್ನೇ ನಾಲ್ಕು ಸಲ ಹೇಳಿದರು. ಅವರ ಹೆದರಿಕೆ ಎಲ್ಲಿ ಮನೆಮಾಡಿಕೊಂಡಿತ್ತು ಎಂದು ನನಗೆ ಆಗ ತಿಳಿಯಿತು. ಎದೆ ಕುಯ್ಯುವ ಚಾಕುವಿನಲ್ಲಿ ಅಲ್ಲ. ತಾನು ಇಲ್ಲದಿದ್ದರೆ ಇದೆಲ್ಲ ಯಾರ ಕೈಯಲ್ಲಿ ನಿಲ್ಲುತ್ತದೆ ಎಂಬುದರಲ್ಲಿ. ಅತ್ತೆ ಎಲ್ಲದಕ್ಕೂ ‘ಊಂ’ ಅಂದರು. ಕೊನೆಗೆ ಮಾವ ಉಡುದಾರದಿಂದ ಕೀಲಿಕೈ ಬಿಚ್ಚಲು ಹೋದರೆ ಗಂಟು ಬಿಗಿದುಕೊಂಡಿತ್ತು. ಅತ್ತೆಯೇ ಹಲ್ಲಿನಿಂದ ಬಿಡಿಸಿದರು.

ಸೋಮವಾರ ಬೆಳಗ್ಗೆ ಕಾರು ಬಂತು. ಮಾವ ಒಗೆದ ಪಂಚೆ ಉಟ್ಟು ಹಿಂದಿನ ಸೀಟಿನಲ್ಲಿ ಕೂತರು, ಪಕ್ಕದಲ್ಲಿ ನಾನು, ಮಡಿಲಲ್ಲಿ ಎರಡನೆಯ ಸಂಪುಟ. ಮಗಳು ನೇರ ಆಸ್ಪತ್ರೆಗೆ ಬರುತ್ತಿದ್ದಳು. ಅತ್ತೆ ಕಾಣಲಿಲ್ಲ. ಕರೆಂಟು ಬರುವ ಹೊತ್ತು, ಗದ್ದೆ ಕಡೆ ಹೋಗಿದ್ದರು. ಡ್ರೈವರು ಗಾಡಿ ಸ್ಟಾರ್ಟ್ ಮಾಡಿದರೆ ಮಾವ, “ಆಫ್ ಮಾಡು, ಸದ್ದು ಕೇಳಕಿಲ್ಲ” ಅಂದರು. ಡ್ರೈವರು ಆಫ್ ಮಾಡಿದರು. ನನ್ನ ತಲೆಯಲ್ಲಿ ಒದ್ದೆ ಕೈ, ಆರಿಹೋದ ದೀಪ, ಬರಿಗಾಲು, ಏನೇನೋ. ಗದ್ದೆಯ ಕಡೆಯಿಂದ ಒಂದು ಗರ್ ಎಂಬ ಸದ್ದು ಬಂದು ನಿಂತುಹೋಯಿತು. ಮಾವ ನನ್ನ ಕೈ ಹಿಡಿದುಕೊಂಡರು. ಮತ್ತೊಂದು ಸಲ ಗರ್ ಎಂದಿತು, ಈ ಸಲ ನಿಲ್ಲಲಿಲ್ಲ. ಆಮೇಲೆ ಕಾಲುವೆಗೆ ನೀರು ಬೀಳುವ ಸದ್ದು. ಕಬ್ಬಿನ ಸಾಲಿನ ಮೇಲೆ ತೋಳು ಮಡಿಸಿದ ಒಂದು ಅಂಗಿ ಕಂಡಿತು, ಅದು ನಮ್ಮ ಕಡೆ ತಿರುಗಲಿಲ್ಲ, ನೀರು ಹರಿಸಲು ಬದು ಕಡಿಯುತ್ತ ಬಗ್ಗಿತು.

“ನಡೀಲಿ,” ಅಂದರು ಮಾವ.

ಮಾವ ಗುಣವಾಗಿ ಮನೆಗೆ ಬಂದರು. ಎದೆಯ ಹೊಲಿಗೆ ಒಣಗಿದ ಮೇಲೆ ಒಂದು ದಿನ, ಕರೆಂಟು ಬಂದದ್ದು ನೋಡಿ, ಮೆಲ್ಲಗೆ ಕೀಲಿಕೈ ಕೇಳಿದರಂತೆ. ಅತ್ತೆ ಅಂಗಿಯ ತೋಳು ಮಡಿಸುತ್ತ, “ನೀವು ಓದ್ಕಂಡು ಕುಂತ್ಕಳಿ” ಎಂದು ಗದ್ದೆಗೆ ಹೋದರಂತೆ.